‘ನಮ್ಮ ಕಾಲದಲ್ಲಿ ಇಂಥ ಮಕ್ಕಳೇ ಇರಲಿಲ್ಲ’ ಅನ್ನುವ ಅಜ್ಜಿಗೆ ಏನು ಹೇಳಲಿ?

ಪ್ರಶ್ನೆ: ನನಗೆ 26 ವರ್ಷ. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಮೊದಲನೆಯವಳಿಗೆ ನಾಲ್ಕು ವರ್ಷ, ಚೆನ್ನಾಗಿದ್ದಾಳೆ. ಎರಡನೆಯದು ಗಂಡು, ಸಿಸೇರಿಯನ್ ಆಯಿತು, ಈಗ ಎರಡು ತಿಂಗಳು. ಬಾಣಂತನಕ್ಕೆ ತವರಿನಲ್ಲಿದ್ದೇನೆ. ಮಗು ಹುಟ್ಟಿದ ಮೂರನೇ ದಿನ ಡಾಕ್ಟರು ಡೌನ್ ಸಿಂಡ್ರೋಮ್ ಇರಬಹುದು ಅಂದರು. ರಕ್ತ ಪರೀಕ್ಷೆಯಲ್ಲಿ ‘47, ಎಕ್ಸ್‌ವೈ, +21’ ಅಂತ ಬಂತು. ಹೃದಯದ ಎಕೋ ರಿಪೋರ್ಟಿನಲ್ಲಿ ‘ಕಂಪ್ಲೀಟ್ ಎವಿ ಕೆನಾಲ್’ ಅಂತ ಬರೆದಿದ್ದಾರೆ, ಆಪರೇಷನ್ ಬೇಕು ಅಂದಿದ್ದಾರೆ. ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಇತ್ತು. ನನ್ನ ಗಂಡ ಸೋದರತ್ತೆಯ ಮಗ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ನಾನು ಅಂಗಳಕ್ಕೆ ಹೋಗಿದ್ದೆ, ಅದಕ್ಕೇ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ. ಅಜ್ಜಿಗೆ 84. ‘ನಾವೆಲ್ಲ ಮನೆಯಲ್ಲೇ ಹೆತ್ತೆವು, ನಮ್ಮ ಕಾಲದಲ್ಲಿ ಇಂಥ ಮಕ್ಕಳೇ ಇರಲಿಲ್ಲ, ಎಲ್ಲಾ ಈ ಸ್ಕ್ಯಾನು, ಮಾತ್ರೆ, ಇಂಜೆಕ್ಷನ್ನಿನ ಫಲ’ ಅನ್ನುತ್ತಾರೆ. ‘ಹಸುಗೂಸಿನ ಎದೆ ಕೊಯ್ಸಿ ಯಾಕೆ ಹಿಂಸೆ ಕೊಡ್ತೀರಿ, ಸ್ವಲ್ಪ ದೊಡ್ಡದಾಗಲಿ, ದೇವರಿಟ್ಟ ಹಾಗೆ ಆಗುತ್ತೆ’ ಅಂತ ಮಾವ. ನಾಮಕರಣವನ್ನೂ ಮುಂದಕ್ಕೆ ಹಾಕಿದ್ದಾರೆ. ನಮ್ಮವರು ಏನೂ ಮಾತಾಡುತ್ತಿಲ್ಲ. ನನ್ನದು ತಪ್ಪಾ? ಆಪರೇಷನ್ ಮಾಡಿಸಬೇಕಾ? ಮುಂದೆ ಇನ್ನೊಂದು ಮಗುವಾದರೆ ಅದಕ್ಕೂ ಹೀಗೇ ಆಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿರುವ ಕೆಲವು ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರ ಹುಡುಕಬಹುದು. ಒಂದಕ್ಕೆ ಮಾತ್ರ ಸಮಯವಿಲ್ಲ. ಅದು ಆಪರೇಷನ್. ಈ ವಾರದಲ್ಲೇ ಮಕ್ಕಳ ಹೃದಯ ತಜ್ಞರನ್ನು ಕಾಣಿ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ಅಜ್ಜಿಯ ಮಾತು ತೆಗೆದುಕೊಳ್ಳುತ್ತೇನೆ. ಮನೆಯವರ ಉಳಿದ ಮಾತುಗಳೆಲ್ಲ ಅದರ ಮೇಲೇ ನಿಂತಿವೆ.

ಮೂವತ್ತು ವರ್ಷಕ್ಕೂ ಜಾಸ್ತಿ ಮಕ್ಕಳ ಡಾಕ್ಟರಾಗಿದ್ದೇನೆ. ‘ನಮ್ಮ ಕಾಲದಲ್ಲಿ ಇರಲಿಲ್ಲ’ ಅನ್ನುವ ಮಾತು ಕೇಳದ ತಿಂಗಳಿಲ್ಲ. ಒಮ್ಮೆ ನಿಮ್ಮ ಮಗುವಿನಂಥದ್ದೇ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಅಜ್ಜಿ ಇದೇ ಮಾತು ಹೇಳಿದರು. ‘ನೀವು ಎಷ್ಟು ಹೆತ್ರಿ ಅಜ್ಜಿ?’ ಅಂತ ಕೇಳಿದೆ. ಬೆರಳು ಮಡಿಸಿ ಎಣಿಸಿದರು. ‘ಹನ್ನೊಂದು. ಉಳಿದದ್ದು ಏಳು.’ ಹೋದ ನಾಲ್ಕರ ಬಗ್ಗೆ ಕೇಳಿದೆ. ಒಂದು ಹುಟ್ಟುವಾಗಲೇ ಹೋಯಿತಂತೆ. ಒಂದು ದಡಾರದಲ್ಲಿ, ಇನ್ನೊಂದು ಭೇದಿಯಲ್ಲಿ. ಕೊನೆಯದಕ್ಕೆ ಬಂದಾಗ ಮಡಿಸಿದ ಬೆರಳನ್ನು ಹಾಗೇ ಹಿಡಿದುಕೊಂಡರು. ‘ಅದು ಹಾಲೇ ಹೀರ್ತಿರ್ಲಿಲ್ಲ. ಎತ್ತಿಕೊಂಡ್ರೆ ಒದ್ದೆ ಬಟ್ಟೆ ಥರ ಜೋತು ಬೀಳೋದು. ನಾಲಿಗೆ ಹೊರಗೇ ಇರೋದು. ಮೂರು ತಿಂಗಳಿಗೆ ಉಬ್ಬಸ ಬಂದು ಹೋಯ್ತು. ಬಾಲಗ್ರಹ ಅಂದ್ರು.’ ಹೇಳುತ್ತಾ ಮಡಿಲಲ್ಲಿದ್ದ ಮೊಮ್ಮಗುವಿನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಏನೂ ಹೇಳುವ ಅಗತ್ಯ ಬೀಳಲಿಲ್ಲ.

ಡೌನ್ ಸಿಂಡ್ರೋಮ್ ಇರುವ, ಅಂದರೆ ಹುಟ್ಟಿನಿಂದಲೇ ಬೆಳವಣಿಗೆ, ಕಲಿಕೆ ನಿಧಾನವಾಗಿರುವ ಇಂಥ ಮಕ್ಕಳು ಆಗಲೂ ಹುಟ್ಟುತ್ತಿದ್ದರು. ಇಂಗ್ಲೆಂಡಿನ ಡಾಕ್ಟರ್ ಜಾನ್ ಲ್ಯಾಂಗ್‌ಡನ್ ಡೌನ್ ಇಂಥ ಮಕ್ಕಳನ್ನು ಗುರುತಿಸಿ ಬರೆದದ್ದು 1866ರಲ್ಲಿ. ಆಗ ಸ್ಕ್ಯಾನ್ ಇರಲಿಲ್ಲ, ಈಗಿನ ಮಾತ್ರೆ ಇಂಜೆಕ್ಷನ್ನುಗಳೂ ಇರಲಿಲ್ಲ. ಸ್ಕ್ಯಾನ್ ಬಂದದ್ದು ಸುಮಾರು ನೂರು ವರ್ಷ ಆದಮೇಲೆ. ಹುಟ್ಟುವ ಪ್ರತಿ 800ರಿಂದ 1,000 ಮಕ್ಕಳಲ್ಲಿ ಒಂದಕ್ಕೆ ಇದು ಇರುತ್ತದೆ. ಯಾವ ದೇಶ, ಯಾವ ಜಾತಿ, ಬಡವರೋ ಶ್ರೀಮಂತರೋ, ಭೇದವಿಲ್ಲ.

ಹಾಗಾದರೆ ಅಜ್ಜಿಯ ಕಣ್ಣಿಗೆ ಯಾಕೆ ಬೀಳಲಿಲ್ಲ? 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಅದು 28, ಕರ್ನಾಟಕದಲ್ಲಿ 19. ಗಟ್ಟಿಮುಟ್ಟಾಗಿ ಹುಟ್ಟಿದ ಕೂಸುಗಳೇ ಅಷ್ಟು ಹೋಗುತ್ತಿದ್ದಾಗ, ಹಾಲು ಹೀರಲು ಶಕ್ತಿಯಿಲ್ಲದ, ಹೃದಯದಲ್ಲಿ ತೂತಿರುವ ಕೂಸು ಎಷ್ಟು ದಿನ ಉಳಿದೀತು? ಹತ್ತರಲ್ಲಿ ಅದೂ ಒಂದು ಸಾವಾಗುತ್ತಿತ್ತು. ಅದಕ್ಕೆ ಬೇರೆ ಹೆಸರಿರಲಿಲ್ಲ. ಉಳಿದುಕೊಂಡ ಮಕ್ಕಳು ಹೊರಗೆ ಕಾಣುತ್ತಿರಲಿಲ್ಲ. ಹಿತ್ತಿಲು, ಕೊಟ್ಟಿಗೆ, ಒಳಕೋಣೆ, ಅಷ್ಟೇ ಅವರ ಪ್ರಪಂಚ. ಮನೆಯ ಉಳಿದ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತೆ ಅಂತ ನೆಂಟರು ಬಂದಾಗ ಬಾಗಿಲು ಮುಚ್ಚುತ್ತಿದ್ದರು. ಹಾಗೆ ಬಾಗಿಲ ಹಿಂದೆ ಬೆಳೆದವರನ್ನು ನಾನೇ ನೋಡಿದ್ದೇನೆ.

ಇನ್ನೂ ಒಂದು ಸಂಗತಿ ಇದೆ. ಕೆಲವು ಮನೆಗಳಲ್ಲಿ ಇಂಥ ಕೂಸಿಗೆ ಹಾಲು ಕುಡಿಸುವ ಪ್ರಯತ್ನವನ್ನೇ ನಿಧಾನಕ್ಕೆ ಬಿಟ್ಟುಬಿಡುತ್ತಿದ್ದರು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಯಸ್ಸಾದ ಹೆಂಗಸರು ಎಂದೋ ಒಮ್ಮೆ, ಯಾರೂ ಇಲ್ಲದಾಗ ಹೇಳುತ್ತಾರೆ. ನಾನು ಅವರನ್ನು ದೂರುವುದಿಲ್ಲ. ಕೈಯಲ್ಲಿ ಐದು ಮಕ್ಕಳು, ಹೊಲದ ಕೆಲಸ, ಹತ್ತಿರದ ಆಸ್ಪತ್ರೆ ಎಷ್ಟೋ ಮೈಲಿ ದೂರ. ಆ ತಾಯಿ ಏನು ಮಾಡಲು ಸಾಧ್ಯವಿತ್ತು? ಮನೆಯ ಹೆರಿಗೆ ಕೀಳು ಅಂತಲೂ ನಾನು ಹೇಳುವುದಿಲ್ಲ. ನಿಮ್ಮದೇ ಜಿಲ್ಲೆ, ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಕೈಗುಣ ದೊಡ್ಡದು. ಆದರೆ ಎಂಥ ಸೂಲಗಿತ್ತಿಯ ಕೈಯೂ ಹೃದಯದ ತೂತು ಮುಚ್ಚಲಾರದು. ಇವತ್ತು ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಅದಕ್ಕೇ ಈ ಮಕ್ಕಳು ನಮ್ಮ ಲೆಕ್ಕಕ್ಕೆ ಬರುತ್ತಿದ್ದಾರೆ, ಬದುಕುತ್ತಲೂ ಇದ್ದಾರೆ.

ಡಾಕ್ಟರುಗಳೂ ಇದರಲ್ಲಿ ಚೊಕ್ಕ ಇರಲಿಲ್ಲ. ಅದನ್ನೂ ಹೇಳಬೇಕು. 1982ರಲ್ಲಿ ಅಮೆರಿಕದ ಇಂಡಿಯಾನ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಡೌನ್ ಸಿಂಡ್ರೋಮ್ ಇರುವ ಒಂದು ಮಗು ಹುಟ್ಟಿತು. ಅನ್ನನಾಳ ಮುಚ್ಚಿಕೊಂಡಿತ್ತು, ಆಪರೇಷನ್ ಮಾಡಿದ್ದರೆ ಸರಿಹೋಗುತ್ತಿತ್ತು. ಹೆರಿಗೆ ಡಾಕ್ಟರ ಸಲಹೆ ಕೇಳಿ ಹೆತ್ತವರು ಬೇಡ ಅಂದರು, ಕೋರ್ಟೂ ಒಪ್ಪಿತು. ಮಗು ಆರನೇ ದಿನ ತೀರಿಕೊಂಡಿತು. ಹಳ್ಳಿಯ ಕತ್ತಲೆ ಕೋಣೆಯಲ್ಲಲ್ಲ, ದೊಡ್ಡ ಆಸ್ಪತ್ರೆಯ ಬೆಳಕಿನಲ್ಲಿ. ಅಲ್ಲಿ ದೊಡ್ಡ ಗದ್ದಲವೇ ಎದ್ದಿತು, ಎರಡು ವರ್ಷದಲ್ಲಿ ಕಾನೂನು ಬಂತು. ಆ ದೇಶದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 25 ವರ್ಷ. ಈಗ ಸುಮಾರು 60. ಜೀವಕೋಶದಲ್ಲಿ ವಂಶದ ಗುಣ ಹೊತ್ತಿರುವ ಎಳೆಗಳಿಗೆ ವರ್ಣತಂತು ಅನ್ನುತ್ತಾರೆ, ಸಾಮಾನ್ಯವಾಗಿ 46 ಇರುತ್ತವೆ. ಈ ಮಕ್ಕಳಲ್ಲಿ ಆಗಲೂ 47, ಈಗಲೂ 47. ಬದಲಾಗಿದ್ದು ನಾವು, ಅಲ್ವಾ?

ನನ್ನ ತಪ್ಪೂ ಒಂದಿದೆ. 1994ರಲ್ಲಿ ಒಬ್ಬ ತಂದೆಗೆ ಇಂಥದ್ದೇ ಮಗುವನ್ನು ತೋರಿಸಿ, ‘ಜಾಸ್ತಿ ಆಸೆ ಇಟ್ಕೋಬೇಡಿ’ ಅಂದೆ. ನನಗೆ ಹಾಗೆ ಕಲಿಸಿದ್ದರು, ಹಾಗೇ ಹೇಳಿದೆ. ಅವರು ಕೇಳಲಿಲ್ಲ. ಆ ಹುಡುಗನಿಗೆ ಈಗ ಮೂವತ್ತು ದಾಟಿದೆ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ. ಚಿಲ್ಲರೆ ಲೆಕ್ಕ ಬರುವುದಿಲ್ಲ. ಆದರೆ ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಕೊಳ್ಳುವ ಟೀಪುಡಿ ಪೊಟ್ಟಣ ತೆಗೆದು ಗಲ್ಲಾದ ಪಕ್ಕ ಇಟ್ಟಿರುತ್ತಾನೆ. ಊರಿನ ಎಷ್ಟೋ ಮನೆಯ ಟೀಪುಡಿ ಅವನಿಗೆ ಗೊತ್ತು. ಎಲ್ಲ ಮಕ್ಕಳೂ ಹೀಗೇ ಆಗುತ್ತಾರೆ ಅಂತ ನಾನು ಭರವಸೆ ಕೊಡುವುದಿಲ್ಲ. ಕೆಲವರು ಓದು ಬರಹ ಕಲಿಯುತ್ತಾರೆ, ಕೆಲವರಿಗೆ ಬಟ್ಟೆ ಹಾಕಿಕೊಳ್ಳಲೂ ಸಹಾಯ ಬೇಕಾಗುತ್ತದೆ. ಎರಡು ತಿಂಗಳ ಕೂಸನ್ನು ನೋಡಿ ಅದನ್ನು ಯಾರೂ ಹೇಳಲಾರರು. ಹೇಳುವವರನ್ನು ನಂಬಬೇಡಿ, ಅವರು ಡಾಕ್ಟರಾಗಿದ್ದರೂ.

ಈಗ ಗ್ರಹಣ. ತಾಯಿಯ ತಲೆಗೆ ಕಟ್ಟುವುದು ಇವತ್ತಿನ ರೋಗವಲ್ಲ. ಮಹಾಭಾರತವನ್ನೇ ನೋಡಿ. ವ್ಯಾಸರನ್ನು ಕಂಡು ಅಂಬಿಕೆ ಕಣ್ಣು ಮುಚ್ಚಿದಳು, ಅದಕ್ಕೆ ಧೃತರಾಷ್ಟ್ರ ಕುರುಡ. ಅಂಬಾಲಿಕೆ ಬಿಳಿಚಿಕೊಂಡಳು, ಅದಕ್ಕೆ ಪಾಂಡು. ಅಷ್ಟಾವಕ್ರನ ಕತೆಯಲ್ಲಿ ಮಾತ್ರ ಹೊಟ್ಟೆಯಲ್ಲಿದ್ದ ಮಗುವಿಗೆ ಶಾಪ ಕೊಟ್ಟವನು ಅಪ್ಪ. ಆ ಕತೆಯನ್ನು ನಮ್ಮ ಅತ್ತೆಯರು ಯಾಕೋ ನೆನೆಯುವುದಿಲ್ಲ. ಯುರೋಪಿನಲ್ಲೂ ಬಸುರಿ ಮೊಲ ನೋಡಿದರೆ ಮಗುವಿಗೆ ಸೀಳುತುಟಿ ಆಗುತ್ತೆ ಅಂತ ನಂಬಿದ್ದರು. ಮೆಕ್ಸಿಕೋದಲ್ಲಿ ಗ್ರಹಣದ ದಿನ ಬಸುರಿಯರು ಬಟ್ಟೆಗೆ ಪಿನ್ನು ಚುಚ್ಚಿಕೊಳ್ಳುತ್ತಾರೆ. ಕಾರಣ ತಿಳಿಯದಿದ್ದಾಗ ಮನುಷ್ಯರು ಎಲ್ಲೆಲ್ಲೂ ಹೀಗೇ ಹುಡುಕಿದ್ದಾರೆ.

ಕಾರಣ ಈಗ ತಿಳಿದಿದೆ. ಮಗುವಿಗೆ ತಾಯಿಯಿಂದ 23, ತಂದೆಯಿಂದ 23 ವರ್ಣತಂತು ಬರಬೇಕು. ಕೆಲವೊಮ್ಮೆ ಒಂದು ಕಡೆಯಿಂದ 21ನೆಯದು ಎರಡು ಬಂದುಬಿಡುತ್ತದೆ, ಒಟ್ಟು 47 ಆಗುತ್ತದೆ. ಫ್ರಾನ್ಸಿನ ಲೆಜೂನ್ ಮತ್ತು ಅವರ ಜೊತೆಗಾರರು 1959ರಲ್ಲಿ ಇದನ್ನು ಪ್ರಕಟಿಸಿದರು. ನಿಮ್ಮ ರಿಪೋರ್ಟಿನ ‘+21’ ಅಂದರೆ ಇದೇ. ಬಹಳಷ್ಟು ಸಲ ಈ ಎಡವಟ್ಟು ಅಂಡಾಣು ತಯಾರಾಗುವಾಗ ಆಗಿರುತ್ತದೆ. ಆ ಅಂಡಾಣು ಎಂದಿನದು ಗೊತ್ತಾ? ನೀವು ನಿಮ್ಮ ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ನಿಮ್ಮ ಅಂಡಾಣುಗಳೆಲ್ಲ ವಿಭಜನೆ ಶುರುಮಾಡಿ, ಅರ್ಧಕ್ಕೆ ನಿಂತು, ಅಷ್ಟು ವರ್ಷ ಕಾದಿರುತ್ತವೆ. ಆ ಕೆಲಸ ಪೂರ್ತಿಯಾಗುವಾಗ ಒಂದು ಜೋಡಿ ಬಿಡಿಸಿಕೊಳ್ಳಲಿಲ್ಲ. ಯಾರ ಕೈಯಲ್ಲೂ ಇಲ್ಲದ ಕೆಲಸ ಅದು. ಗರ್ಭ ನಿಂತ ದಿನವೇ ಲೆಕ್ಕ ಮುಗಿದಿತ್ತು. ನೀವು ಅಂಗಳಕ್ಕೆ ಹೋದದ್ದು ಐದನೇ ತಿಂಗಳಲ್ಲಿ. ಅಷ್ಟೇ ಅಲ್ಲ, ಆ ರಾತ್ರಿಯ ಗ್ರಹಣ ಇಡೀ ದೇಶಕ್ಕೆ ಕಂಡಿತ್ತು. ಕೋಟಿಗೂ ಜಾಸ್ತಿ ಬಸುರಿಯರು ಅದರ ಕೆಳಗಿದ್ದರು.

ಸ್ಕ್ಯಾನಿಗೂ ಇದಕ್ಕೂ ಸಂಬಂಧವಿಲ್ಲ, ಸಿಸೇರಿಯನ್‌ಗೂ ಇಲ್ಲ. ನಿಮ್ಮ ಸ್ಕ್ಯಾನ್ ನಾರ್ಮಲ್ ಬಂದದ್ದರಲ್ಲೂ ಆಶ್ಚರ್ಯವಿಲ್ಲ. ಸ್ಕ್ಯಾನ್ ಆಕಾರ ನೋಡುತ್ತದೆ, ವರ್ಣತಂತು ಎಣಿಸುವುದಿಲ್ಲ. ಸಂಬಂಧದಲ್ಲಿ ಮದುವೆಯಾದದ್ದೂ ಇದಕ್ಕೆ ಕಾರಣವಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅತ್ತೆಗೆ ಗ್ರಹಣ ಹೇಗೋ, ಓದಿದವರಿಗೆ ‘ಸಂಬಂಧದ ಮದುವೆ’ ಹಾಗೆ. ಹುಟ್ಟು ಕಿವುಡು, ಕೆಲವು ರಕ್ತದ ಕಾಯಿಲೆ, ಮೆದುಳಿನ ಕೆಲವು ಕಾಯಿಲೆಗಳು ಸೋದರಮಾವ, ಅತ್ತೆಮಗ ಅಂತ ಮದುವೆಯಾದವರ ಮಕ್ಕಳಲ್ಲಿ ಜಾಸ್ತಿ. ಅದು ನಿಜ. ಡೌನ್ ಸಿಂಡ್ರೋಮ್ ಆ ಪಟ್ಟಿಯಲ್ಲಿ ಇಲ್ಲ. ತಾಯಿಯ ವಯಸ್ಸು ಏರಿದಂತೆ ಮಾತ್ರ ಇದರ ಸಾಧ್ಯತೆ ಏರುತ್ತದೆ. ನಿಮ್ಮ ವಯಸ್ಸಿನಲ್ಲಿ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ, ನಲವತ್ತರಲ್ಲಿ ಸುಮಾರು ನೂರಕ್ಕೆ ಒಂದು. ಹಾಗಿದ್ದೂ ಇಂಥ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು ನಿಮ್ಮ ಹಾಗೆ ಚಿಕ್ಕ ವಯಸ್ಸಿನವರೇ. ನಮ್ಮಲ್ಲಿ ಜಾಸ್ತಿ ಹೆರಿಗೆ ಆಗುವುದೇ ಆ ವಯಸ್ಸಿನಲ್ಲಿ.

ನಿಮ್ಮದು ತಪ್ಪಾ ಅಂತ ಕೇಳಿದ್ದೀರಿ. ಇಲ್ಲ.

ಈಗ ಹೃದಯ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ನಿಮ್ಮ ಮಗುವಿನದು ಅದರಲ್ಲಿ ದೊಡ್ಡದು. ರಿಪೋರ್ಟಿನ ‘ಕಂಪ್ಲೀಟ್ ಎವಿ ಕೆನಾಲ್’ ಅಂದರೆ ಇದೇ. ಹೃದಯದ ನಾಲ್ಕು ಕೋಣೆಗಳು ಸೇರುವ ನಡುಗೋಡೆಯೇ ಕೂಡಿಲ್ಲ. ಎರಡು ಕವಾಟ ಇರಬೇಕಾದ ಕಡೆ ಒಂದೇ ಇದೆ. ಮೈಗೆ ಹೋಗಬೇಕಾದ ರಕ್ತದಲ್ಲಿ ಒಂದು ಪಾಲು ಶ್ವಾಸಕೋಶಕ್ಕೇ ನುಗ್ಗುತ್ತದೆ. ಹಾಲು ಕುಡಿಯುವಾಗ ಮಗುವಿನ ಹಣೆ ನೋಡಿ. ಬೆವರಿರುತ್ತದೆ. ಎರಡು ನಿಮಿಷ ಹೀರಿ ಸುಸ್ತಾಗಿ ಬಿಡುತ್ತದೆ, ಪಕ್ಕೆ ಒಳಗೆ ಸೆಳೆಯುತ್ತದೆ, ತೂಕ ಏರುವುದಿಲ್ಲ.

ನಿಮ್ಮ ಮಾವ ‘ದೊಡ್ಡದಾಗಲಿ’ ಅನ್ನುವುದು ಪ್ರೀತಿಯಿಂದಲೇ. ಆದರೆ ಈ ತೂತು ತಾನಾಗಿ ಮುಚ್ಚುವಂಥದ್ದಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಒಳಗೆ ಆಪರೇಷನ್ ಮಾಡುತ್ತಾರೆ. ತಡವಾದರೆ ಶ್ವಾಸಕೋಶದ ರಕ್ತನಾಳಗಳು ಆ ಒತ್ತಡಕ್ಕೆ ದಪ್ಪವಾಗಿ ಗಟ್ಟಿಯಾಗುತ್ತವೆ. ಈ ಮಕ್ಕಳಲ್ಲಿ ಅದು ಬೇರೆ ಮಕ್ಕಳಿಗಿಂತ ಬೇಗ ಆಗುತ್ತದೆ. ಒಂದು ಹಂತ ದಾಟಿದ ಮೇಲೆ ಆಪರೇಷನ್ ಮಾಡುವ ಹಾಗೇ ಇಲ್ಲ.

ಇಲ್ಲೊಂದು ಮೋಸ ಇದೆ, ಚೆನ್ನಾಗಿ ಕೇಳಿಸಿಕೊಳ್ಳಿ. ರಕ್ತನಾಳ ಗಟ್ಟಿಯಾದಂತೆ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗುತ್ತದೆ. ಆಗ ಮಗುವಿನ ಏದುಸಿರು ಕಡಿಮೆಯಾಗುತ್ತದೆ, ಬೆವರು ನಿಲ್ಲುತ್ತದೆ, ಹಾಲು ಚೆನ್ನಾಗಿ ಕುಡಿಯುತ್ತದೆ. ಮನೆಯವರು ‘ನೋಡಿ, ಆಪರೇಷನ್ ಇಲ್ಲದೇ ಹುಷಾರಾಯ್ತು’ ಅನ್ನುತ್ತಾರೆ. ಹರಕೆ ತೀರಿಸುತ್ತಾರೆ. ನಿಜಕ್ಕೂ ಬಾಗಿಲು ಮುಚ್ಚುತ್ತಿರುವುದು ಆಗಲೇ. ಎರಡು ವರ್ಷದ ಮಗುವನ್ನು ಎತ್ತಿಕೊಂಡು, ತುಟಿ ನೀಲಿಯಾಗುತ್ತಿದೆ ಅಂತ ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಈ ಮಾತನ್ನು ಹೆತ್ತವರಿಗೆ ಹೇಳುವ ದಿನ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಆಪರೇಷನ್‌ಗೂ ಅಪಾಯವಿದೆ. ಹೃದಯ ನಿಲ್ಲಿಸಿ, ಯಂತ್ರದ ಮೇಲೆ ರಕ್ತ ಓಡಿಸಿ ಮಾಡುವ ಆಪರೇಷನ್ ಅದು. ನುರಿತ ಕೇಂದ್ರಗಳಲ್ಲಿ ಬಹುಪಾಲು ಮಕ್ಕಳು ಪಾರಾಗುತ್ತಾರೆ, ಎಲ್ಲರೂ ಅಲ್ಲ. ಸೋಂಕು ತಗಲಬಹುದು. ಶ್ವಾಸಕೋಶದ ಒತ್ತಡ ಏರಿ ಐಸಿಯುನಲ್ಲಿ ಹೆಚ್ಚು ದಿನ ಇರಬೇಕಾಗಬಹುದು. ಹೃದಯದ ಬಡಿತದ ದಾರಿಗೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗಬಹುದು, ಅದು ಅಪರೂಪ. ಕವಾಟ ಸೋರಿ ಮುಂದೆ ಇನ್ನೊಂದು ಆಪರೇಷನ್ ಬೇಕಾಗುವ ಮಕ್ಕಳೂ ಇದ್ದಾರೆ. ಮಗು ಬಹಳ ಚಿಕ್ಕದಿದ್ದು ತೂಕ ಬರದಿದ್ದರೆ, ಶ್ವಾಸಕೋಶಕ್ಕೆ ಹೋಗುವ ನಾಳಕ್ಕೆ ಪಟ್ಟಿ ಬಿಗಿದು ಕೆಲವು ತಿಂಗಳು ಸಮಯ ಪಡೆಯುವ ದಾರಿಯೂ ಇದೆ. ಆದರೆ ಅದಕ್ಕೆ ಎರಡು ಸಲ ಆಪರೇಷನ್ ಆಗುತ್ತದೆ. ಔಷಧಿಯಿಂದ ಏದುಸಿರು ಇಳಿಸಬಹುದು, ತೂತು ಮುಚ್ಚಲಾಗದು. ನನ್ನ ಮಗುವಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದರೆ, ತೂಕ ಏರಿಸುತ್ತಾ ಸರ್ಜನ್ ಕೊಟ್ಟ ತಾರೀಖಿಗೆ ಕಾಯುತ್ತಿದ್ದೆ.

ದುಡ್ಡಿನ ಚಿಂತೆ ನೀವು ಬರೆದಿಲ್ಲ, ಆದರೆ ಇರುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಆರ್‌ಬಿಎಸ್‌ಕೆ ಅಂದರೆ ಅವರಿಗೆ ಗೊತ್ತು. ಮಕ್ಕಳ ತಪಾಸಣೆ, ಚಿಕಿತ್ಸೆಗೆ 2013ರಿಂದ ಇರುವ ಸರ್ಕಾರಿ ಯೋಜನೆ. ಹುಟ್ಟು ಹೃದ್ರೋಗ, ಡೌನ್ ಸಿಂಡ್ರೋಮ್ ಎರಡೂ ಅದರ ಪಟ್ಟಿಯಲ್ಲಿವೆ. ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಕಳಿಸುವ ಚೀಟಿಯನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ನಿಮ್ಮವರನ್ನು ಜೊತೆಗೆ ಕರೆದುಕೊಂಡು ಹೋಗಿ, ಮಗುವನ್ನು ಅವರ ಕೈಗೇ ಕೊಡಿ. ಮಾತಾಡದ ಗಂಡಸರಿಗೆ ಬಹಳ ಸಲ ಬೇಜಾರಿಗಿಂತ ಭಯ ಜಾಸ್ತಿ. ಎಕೋ ಪರದೆಯ ಮೇಲೆ ಮಗನ ಹೃದಯ ಬಡಿಯುವುದನ್ನು ಕಂಡ ಮೇಲೆ ಬಾಯಿ ಬಿಟ್ಟ ಅಪ್ಪಂದಿರು ಎಷ್ಟೋ ಜನ.

ಅಲ್ಲಿಯವರೆಗೆ ಮನೆಯಲ್ಲಿ ಮಾಡುವ ಮುಖ್ಯ ಕೆಲಸ ತೂಕ ಏರಿಸುವುದು. ಎದೆಹಾಲೇ ಒಳ್ಳೆಯದು. ಎದೆಗೆ ಹಿಡಿದಾಗ ಗಲ್ಲದ ಕೆಳಗೆ ಬೆರಳು ಕೊಟ್ಟು ದವಡೆಗೆ ಆಸರೆ ಮಾಡಿ. ಸುಸ್ತಾಗಿ ಬಿಟ್ಟರೆ ಉಳಿದ ಹಾಲನ್ನು ಹಿಂಡಿ, ಒಳಲೆಯಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಿ. ಅಜ್ಜಿಗೆ ಒಳಲೆ ಹಿಡಿಯುವ ಕೈ ಚೆನ್ನಾಗಿ ಪಳಗಿರುತ್ತದೆ, ಆ ಕೆಲಸ ಅವರಿಗೇ ಕೊಡಿ. ಮಗು ಕುತ್ತಿಗೆ ಎತ್ತಿ ಕೂತ ಹಾಗಿರಬೇಕು, ಮಲಗಿಸಿ ಸುರಿಯಬಾರದು. ಅದೇ ಒಳಲೆಯಲ್ಲಿ ಹರಳೆಣ್ಣೆ, ಬಜೆ ನೀರು ಬೇಡ, ಮೂಗಿಗೆ ಎಣ್ಣೆ ಬೇಡ. ಈ ಮಕ್ಕಳಿಗೆ ನುಂಗುವ ಶಕ್ತಿ ಕಡಿಮೆ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬರೆ ಹಾಕಿಸುವ ಮಾತು ಯಾರಾದರೂ ಎತ್ತಿದರೆ ಬಾಗಿಲಲ್ಲೇ ನಿಲ್ಲಿಸಿ.

ಥೈರಾಯ್ಡ್ ಪರೀಕ್ಷೆ ಈಗ ಆಗಿರಬೇಕು, ಆರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ. ಕಣ್ಣು ಕಿವಿಯ ಪರೀಕ್ಷೆಯೂ ಬೇಕು. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ, ಜಿಲ್ಲಾ ಆಸ್ಪತ್ರೆಯ ಡಿಇಐಸಿ ಕೇಂದ್ರದಲ್ಲಿ ವ್ಯಾಯಾಮ ಕಲಿಸುತ್ತಾರೆ. ನಡೆಯುವುದು ಎರಡು ವರ್ಷದ ಸುಮಾರಿಗೆ, ಗಾಬರಿ ಬೇಡ. ಮುಂದೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಅದಾದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಬೌದ್ಧಿಕ ಅಂಗವೈಕಲ್ಯವೂ ಸೇರಿದೆ. ಶಾಲೆಯವರು ಸೇರಿಸಿಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ.

ಮುಂದಿನ ಮಗುವಿನ ಪ್ರಶ್ನೆ. ನಿಮ್ಮ ರಿಪೋರ್ಟಿನಲ್ಲಿ 47 ಅಂತ ಸ್ಪಷ್ಟವಾಗಿರುವುದರಿಂದ ಇದು ವಂಶದಲ್ಲಿ ಇಳಿದು ಬಂದದ್ದಲ್ಲ. ಮತ್ತೆ ಆಗುವ ಸಾಧ್ಯತೆ ಸುಮಾರು ನೂರಕ್ಕೆ ಒಂದು. ನಿಮ್ಮ ಮಗಳಿಗೆ ಮುಂದೆ ಇದರಿಂದ ತೊಂದರೆಯಿಲ್ಲ, ಅವಳ ಮದುವೆಯ ಚಿಂತೆ ಮಾಡುವವರಿಗೂ ಹೇಳಿ. ಬೇಕಿದ್ದರೆ ಮುಂದಿನ ಸಲ ಹತ್ತು ವಾರ ದಾಟಿದ ಮೇಲೆ ತಾಯಿಯ ರಕ್ತದಿಂದಲೇ ಮಗುವಿನ ವರ್ಣತಂತು ಅಂದಾಜು ಮಾಡುವ ಎನ್‌ಐಪಿಟಿ ರಕ್ತ ಪರೀಕ್ಷೆ, 11ರಿಂದ 13 ವಾರದಲ್ಲಿ ಮಗುವಿನ ಕತ್ತಿನ ಹಿಂದಿನ ನೀರು ಅಳೆಯುವ ಎನ್‌ಟಿ ಸ್ಕ್ಯಾನ್ ಮಾಡಿಸಬಹುದು. ಇವು ಸಂಶಯ ಹೇಳುತ್ತವೆ, ಖಚಿತ ಹೇಳುವುದಿಲ್ಲ. ಖಚಿತಕ್ಕೆ ಗರ್ಭನೀರಿನ ಪರೀಕ್ಷೆ ಬೇಕು, ಅದರಲ್ಲಿ ಗರ್ಭ ಹೋಗುವ ಸಣ್ಣ ಅಪಾಯವಿದೆ. ಬಂದ ಫಲಿತಾಂಶ ನೋಡಿ ಗರ್ಭ ಮುಂದುವರಿಸಬೇಕೋ ಬೇಡವೋ ಅನ್ನುವುದು ನಿಮ್ಮ ತೀರ್ಮಾನ. ಕಾನೂನಿನಲ್ಲಿ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅದರ ಮೇಲೆ 24 ವಾರದವರೆಗೆ ಕೆಲವು ಸಂದರ್ಭಗಳಿಗೆ ಇಬ್ಬರದು ಬೇಕು. ಅದನ್ನೂ ದಾಟಿದ್ದರೆ ಮಗುವಿಗೆ ಗಂಭೀರ ತೊಂದರೆ ಇದ್ದಾಗ ಮೆಡಿಕಲ್ ಬೋರ್ಡ್ ಒಪ್ಪಬೇಕು. ಪರೀಕ್ಷೆಯೇ ಬೇಡ ಅನ್ನುವ ಹಕ್ಕೂ ನಿಮ್ಮದೇ. ನನ್ನ ಬಳಿ ಬಂದವರಲ್ಲಿ ಮೂರೂ ಬಗೆಯವರಿದ್ದಾರೆ. ಯಾರೂ ಹಗುರವಾಗಿ ತೀರ್ಮಾನ ಮಾಡಿದ್ದನ್ನು ನಾನು ನೋಡಿಲ್ಲ.

ಕೊನೆಗೆ ನಾಮಕರಣ. ಅದನ್ನು ಮುಂದಕ್ಕೆ ಹಾಕುವುದರ ಹಿಂದೆ ಹಳೆಯ ಭಯ ಇದೆ. ಕೂಸು ಉಳಿಯುತ್ತೋ ಇಲ್ಲವೋ, ಹೆಸರಿಟ್ಟರೆ ಮಾಯೆ ಜಾಸ್ತಿ. ಆದರೆ ಈಗ ಆಸ್ಪತ್ರೆಯ ಚೀಟಿಯಲ್ಲೆಲ್ಲ ನಿಮ್ಮ ಹೆಸರಿನ ಮುಂದೆ ‘ಬೇಬಿ ಆಫ್’ ಅಂತ ಬರೆದು ಓಡಿಸುತ್ತಿರುತ್ತಾರೆ. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸಬೇಕು, ಆಧಾರ್ ಮಾಡಿಸಬೇಕು, ಆಪರೇಷನ್‌ನ ಅರ್ಜಿ ತುಂಬಬೇಕು. ಎಲ್ಲ ಕಡೆ ಒಂದೇ ಹೆಸರು ಇದ್ದರೆ ಓಡಾಟ ತಪ್ಪುತ್ತದೆ. ಜಯದೇವಕ್ಕೆ ಹೋಗುವ ಮೊದಲೇ ತೊಟ್ಟಿಲಿಗೆ ಹಾಕಿ. ದೊಡ್ಡದಾಗಿ ಮಾಡಬೇಕಿಲ್ಲ, ಜನ ಸೇರಿಸಿದರೆ ಮಗುವಿಗೆ ನೆಗಡಿ ತಗಲೀತು. ಮನೆಮಂದಿ ಸಾಕು. ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಅಜ್ಜಿಯನ್ನೇ ಕೂರಿಸಿ.